ಕಲ್ಲುನೆಲದಿಂದ ಬಂದ ಮೇಜು

ಒಂದು ನಾಡಿನ ಸಂಸ್ಕೃತಿಯನ್ನು ಅರಿಯಬೇಕಾದರೆ ಅಲ್ಲಿಯ ಕಾವ್ಯವನ್ನೋ ದೇವಾಲಯವನ್ನೋ ನೋಡುವುದು ವಾಡಿಕೆ. ಆ ನಾಡಿನವರು ಕುಳಿತುಕೊಳ್ಳುವ ಕುರ್ಚಿಯೂ ಉಣ್ಣುವ ಮೇಜೂ ಅಷ್ಟೇ ನಂಬಬಹುದಾದ ಸಾಕ್ಷಿಗಳೆಂಬುದನ್ನು ನಾವು ಮರೆಯುತ್ತೇವೆ. ಸ್ವೀಡನ್ ದೇಶದಲ್ಲಿ ಹುಟ್ಟಿದ ‘ಐಕಿಯ’ ಎಂಬ ಪೀಠೋಪಕರಣ ಸಂಸ್ಥೆಯ ಚರಿತ್ರೆಯನ್ನು ಓದುಗರ ಮುಂದೆ ಇಡುತ್ತಿರುವುದು ಈ ಕಾರಣದಿಂದ. ಬಡನೆಲದ ಜನರ ಸ್ವಭಾವವೊಂದು ವ್ಯಾಪಾರದ ನೀತಿಯಾಗಿ ಬೆಳೆದ ಬಗೆ ಇದರಲ್ಲಿದೆ. ಅಗ್ಗದ ಬೆಲೆಯ ಹಿಂದೆ ಯಾರ ಯಾರ ದುಡಿಮೆ ಅಡಗಿರುತ್ತದೆಂಬ ಪಾಠವೂ ಇದರಲ್ಲಿದೆ.

ಸ್ವೀಡನ್ನಿನ ದಕ್ಷಿಣಭಾಗದಲ್ಲಿ ಸ್ಮೋಲಾಂಡ್ ಎಂಬ ಪ್ರಾಂತವುಂಟು. ಹೆಸರಿನ ಅರ್ಥವೇ ‘ಸಣ್ಣ ನಾಡುಗಳು’ ಎಂದು. ದಟ್ಟವಾದ ಕಾಡು, ಅದರ ನಡುವೆ ಕಲ್ಲು ತುಂಬಿದ ಹೊಲ. ಇದು ಅಲ್ಲಿಯ ನೆಲದ ರೂಪ. ಉಳುವುದಕ್ಕೆ ಮೊದಲು ರೈತನು ಕಲ್ಲನ್ನು ಆರಿಸಬೇಕು. ಆರಿಸಿದುದನ್ನು ಹೊಲದ ಅಂಚಿನಲ್ಲಿ ಪೇರಿಸಬೇಕು. ಹೀಗೆ ತಲೆತಲಾಂತರದಿಂದ ಪೇರಿಸಿದ ಕಲ್ಲುಬೇಲಿಗಳು ಇಂದಿಗೂ ಅಲ್ಲಿ ಸಾಲುಸಾಲಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಬಹುಜನ ಅನ್ನವನ್ನರಸಿ ಅಮೆರಿಕಕ್ಕೆ ಹೊರಟುಹೋದರು. ಉಳಿದವರು ಇದ್ದುದರಲ್ಲಿಯೇ ಬಾಳುವ ವಿದ್ಯೆಯನ್ನು ಕಲಿತರು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಗಾದೆಯನ್ನು ಅವರು ಕೇಳಿರಲಾರರು. ಅದರ ಅರ್ಥವನ್ನು ಮಾತ್ರ ಬದುಕಿ ತೋರಿಸಿದರು.

ಇಂಗ್ವಾರ್ ಕಾಂಪ್ರಾಡನು ಹುಟ್ಟಿದುದು ಈ ಪ್ರಾಂತದಲ್ಲಿ, ೧೯೨೬ರಲ್ಲಿ. ಬಾಲ್ಯದಲ್ಲಿಯೇ ಅವನು ರಾಜಧಾನಿಯಾದ ಸ್ಟಾಕ್‌ಹೋಮಿನಿಂದ ಬೆಂಕಿಪೆಟ್ಟಿಗೆಗಳನ್ನು ಸಗಟಾಗಿ ತರಿಸಿ, ನೆರೆಹೊರೆಯವರಿಗೆ ಬಿಡಿಯಾಗಿ ಮಾರಿ ನಾಲ್ಕು ಕಾಸು ಗಳಿಸಿದ್ದನು. ೧೯೪೩ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಂದೆ ಮೆಚ್ಚಿ ಕೊಟ್ಟ ಹಣದಿಂದ ಒಂದು ವ್ಯಾಪಾರವನ್ನು ಆರಂಭಿಸಿದನು. ತನ್ನ ಹೆಸರಾದ ಇಂಗ್ವಾರ್ ಕಾಂಪ್ರಾಡ್, ತನ್ನ ಮನೆತನದ ಹೊಲವಾದ ಎಲ್ಮ್‌ಟಾರೀಡ್, ತನ್ನ ಊರಾದ ಅಗುನ್ನಾರೀಡ್, ಇವುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟನು. ನಾವು ಹೆಸರಿನ ಮುಂದೆ ಊರಿನ ಮೊದಲಕ್ಷರವನ್ನು ಧರಿಸಿಕೊಂಡು ತಿರುಗುವುದಿಲ್ಲವೆ? ಹಾಗೆಯೇ ಇದು. ಲೋಕವೆಲ್ಲ ಸುತ್ತಿದರೂ ಆ ಸಂಸ್ಥೆಯ ಹೆಸರಿನಲ್ಲಿ ಒಂದು ಹಳ್ಳಿಯೂ ಒಂದು ಹೊಲವೂ ಉಳಿದುಕೊಂಡಿವೆ.

ಮೊದಲು ಮಾರಿದುದು ಲೇಖನಿ, ಹಣದ ಚೀಲ, ಚಿತ್ರದ ಚೌಕಟ್ಟು, ಕೈಗಡಿಯಾರ ಮುಂತಾದ ಸಣ್ಣ ಸರಕುಗಳನ್ನು. ೧೯೪೮ರಲ್ಲಿ ಪೀಠೋಪಕರಣಗಳು ಸೇರಿದುವು. ೧೯೫೧ರಲ್ಲಿ ಚಿತ್ರಸಹಿತವಾದ ಪಟ್ಟಿಯ ಪುಸ್ತಕ ಹೊರಬಂದಿತು. ಆದರೆ ಕಾಗದದಲ್ಲಿ ಕಂಡ ಕುರ್ಚಿಯನ್ನು ನಂಬುವುದು ಹೇಗೆ? ಆದುದರಿಂದ ೧೯೫೩ರಲ್ಲಿ ಎಲ್ಮ್‌ಹುಲ್ಟ್ ಎಂಬ ಪಟ್ಟಣದಲ್ಲಿ, ಜನ ಬಂದು ಮುಟ್ಟಿ ಕುಳಿತು ನೋಡಲೆಂದು ಒಂದು ಪ್ರದರ್ಶನಶಾಲೆಯನ್ನು ತೆರೆದನು. ೧೯೫೮ರಲ್ಲಿ ಅಲ್ಲಿಯೇ ೬,೭೦೦ ಚದರ ಮೀಟರುಗಳ ದೊಡ್ಡ ಮಳಿಗೆ ಎದ್ದಿತು.

ಇವನ ಅಗ್ಗದ ಬೆಲೆಯನ್ನು ಕಂಡು ಹಳೆಯ ವರ್ತಕರಿಗೆ ಕಿಚ್ಚು ಹತ್ತಿತು. ಮೇಳಗಳಲ್ಲಿ ಇವನಿಗೆ ಸ್ಥಳವಿಲ್ಲದಂತೆ ಮಾಡಿದರು. ಇವನಿಗೆ ಸಾಮಾನು ಕೊಡಬಾರದೆಂದು ತಯಾರಕರ ಮೇಲೆ ಒತ್ತಾಯ ತಂದರು. ಕೇಡಿನಿಂದಲೂ ಲೇಸು ಹುಟ್ಟುವುದುಂಟು. ಸ್ವದೇಶದ ಬಾಗಿಲು ಮುಚ್ಚಿದಾಗ ಸಂಸ್ಥೆಯು ತನ್ನ ವಿನ್ಯಾಸಗಳನ್ನು ತಾನೇ ಮಾಡತೊಡಗಿತು. ೧೯೬೧ರಿಂದ ಪೋಲೆಂಡಿನ ಕಾರ್ಖಾನೆಗಳಲ್ಲಿ ಸಾಮಾನು ಮಾಡಿಸತೊಡಗಿತು.

ಇದೇ ಕಾಲದಲ್ಲಿ ಇನ್ನೊಂದು ಉಪಾಯ ಕೂಡಿಬಂದಿತು. ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ವಿನ್ಯಾಸಕಾರನು ಒಂದು ಮೇಜನ್ನು ಮೋಟಾರಿನಲ್ಲಿ ಇಡಲಾರದೆ ಅದರ ಕಾಲುಗಳನ್ನು ಬಿಚ್ಚಿಬಿಟ್ಟನೆಂದು ಸಂಸ್ಥೆಯವರು ಹೇಳುತ್ತಾರೆ. ಬಿಡಿಸಿ ಸಾಗಿಸುವ ಕುರ್ಚಿ ಹೊಸದಲ್ಲ. ವಿಯೆನ್ನಾದ ಥೋನೆಟ್ ಕಾರ್ಖಾನೆ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಾಡಿತ್ತು. ಐಕಿಯ ೧೯೫೬ರಿಂದ ಅದನ್ನು ಇಡೀ ವ್ಯಾಪಾರದ ಮೂಲಸೂತ್ರವಾಗಿ ಮಾಡಿಕೊಂಡಿತು. ಜೋಡಿಸಿದ ಮೇಜಿನ ಕೆಳಗಿರುವುದು ಬರಿಯ ಗಾಳಿ. ಆ ಗಾಳಿಗೂ ಸಾಗಾಣಿಕೆಯ ಬಾಡಿಗೆಯನ್ನು ತೆರುವುದೇಕೆ? ಚಪ್ಪಟೆ ಪೆಟ್ಟಿಗೆಯಲ್ಲಿ ಹಲಗೆ, ತಿರುಪು, ಒಂದು ಚಿತ್ರಪತ್ರ ಇವಿಷ್ಟನ್ನು ಕೊಟ್ಟು, ಜೋಡಿಸುವ ಕೆಲಸವನ್ನು ಕೊಂಡವನಿಗೇ ಬಿಟ್ಟರು. ಕಲ್ಲನ್ನೂ ದಂಡವಾಗಿ ಬಿಸುಡದೆ ಬೇಲಿ ಕಟ್ಟಿದವರ ಮಕ್ಕಳಿಗೆ ಇದು ಸಹಜವಾಗಿ ಹೊಳೆದ ಲೆಕ್ಕ. ೧೯೭೬ರಲ್ಲಿ ಕಾಂಪ್ರಾಡನು ಬರೆದ ‘ಪೀಠೋಪಕರಣ ವ್ಯಾಪಾರಿಯ ಉಯಿಲು’ ಎಂಬ ಪುಟ್ಟ ಗ್ರಂಥ ಅಪವ್ಯಯವನ್ನು ಮಹಾಪಾಪಗಳ ಸಾಲಿನಲ್ಲಿ ಸೇರಿಸಿದೆ.

ಮಿತವ್ಯಯವೊಂದೇ ಈ ಬೆಳವಣಿಗೆಗೆ ಕಾರಣವಲ್ಲ. ಎಲೆನ್ ಕೇ ಎಂಬ ಸ್ವೀಡಿಷ್ ಲೇಖಕಿ ‘ಎಲ್ಲರಿಗೂ ಸೌಂದರ್ಯ’ ಎಂಬ ಪ್ರಬಂಧಸಂಗ್ರಹವನ್ನು ೧೮೯೯ರಲ್ಲಿಯೇ ಪ್ರಕಟಿಸಿದ್ದಳು. ಚೆಲುವು ಸಿರಿವಂತರ ಸೊತ್ತಲ್ಲ, ಕೂಲಿಕಾರನ ಕೋಣೆಯಲ್ಲಿಯೂ ಅದಕ್ಕೆ ಸ್ಥಾನವಿದೆಯೆಂಬುದು ಅವಳ ವಾದ. ೧೯೨೮ರಲ್ಲಿ ರಾಜಕಾರಣಿ ಪೆರ್ ಆಲ್ಬಿನ್ ಹಾನ್ಸನ್ನನು ದೇಶವೇ ಒಂದು ‘ಜನತೆಯ ಮನೆ’ಯಾಗಬೇಕೆಂದು ಸಾರಿದನು. ೧೯೬೫ರಿಂದ ೧೯೭೪ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮನೆಗಳನ್ನು ಕಟ್ಟುವ ಮಹಾಯೋಜನೆಯನ್ನು ಸರ್ಕಾರ ಕೈಕೊಂಡಿತು. ಸರ್ಕಾರ ಗೋಡೆ ಕಟ್ಟಿತು; ಗೋಡೆಯ ಒಳಗಿನ ಮಂಚ, ಮೇಜು, ಪುಸ್ತಕದ ಕಪಾಟುಗಳನ್ನು ಐಕಿಯ ಒದಗಿಸಿತು. ೧೯೬೫ರಲ್ಲಿ ಸ್ಟಾಕ್‌ಹೋಮಿನ ಹೊರವಲಯದಲ್ಲಿ ಅದರ ಹೊಸ ಮಳಿಗೆ ತೆರೆದಾಗ ಜನಸಂದಣಿಯನ್ನು ತಾಳಲಾರದೆ ಉಗ್ರಾಣದ ಬಾಗಿಲನ್ನೇ ಗ್ರಾಹಕರಿಗೆ ತೆರೆಯಬೇಕಾಯಿತು. ಬೇಕಾದುದನ್ನು ತಾವೇ ಎತ್ತಿಕೊಂಡು ಹೋಗುವ ಪದ್ಧತಿ ಹೀಗೆ ಬೇರೂರಿತು.

ಭಾಷೆಯ ಅಧ್ಯಾಪಕನಿಗೆ ಹಿಡಿಸುವ ಇನ್ನೊಂದು ಸಂಗತಿಯುಂಟು. ಕಾಂಪ್ರಾಡನಿಗೆ ಅಕ್ಷರಗಳೂ ಅಂಕಿಗಳೂ ಕಣ್ಣಿಗೆ ತೊಡಕಾಗುವ ದೋಷವಿದ್ದುದರಿಂದ, ಸಾಮಾನುಗಳಿಗೆ ಸಂಖ್ಯೆಯ ಬದಲು ಹೆಸರುಗಳನ್ನಿಟ್ಟರು. ಸೋಫಾಗಳಿಗೆ ಸ್ವೀಡನ್ನಿನ ಊರುಗಳ ಹೆಸರು, ಊಟದ ಮೇಜುಗಳಿಗೆ ಫಿನ್ಲೆಂಡಿನವು, ನೆಲಹಾಸುಗಳಿಗೆ ಡೆನ್ಮಾರ್ಕಿನವು. ತಮ್ಮ ಊರುಗಳನ್ನು ಕಾಲಕೆಳಗೆ ಹಾಸಿದರೆಂದು ೨೦೦೮ರಲ್ಲಿ ಡೆನ್ಮಾರ್ಕಿನಲ್ಲಿ ಆಕ್ಷೇಪಣೆ ಹುಟ್ಟಿದ್ದೂ ಉಂಟು! ೧೯೮೦ರ ದಶಕದಿಂದ ಸಂಸ್ಥೆಯ ಲಾಂಛನಕ್ಕೆ ದೇಶದ ಧ್ವಜದ ನೀಲಿ ಹಳದಿ ಬಣ್ಣಗಳು ಬಂದುವು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಚರಿತ್ರೆಯಾಗದೆ ಸ್ತೋತ್ರವಾದೀತು. ಬಣ್ಣ ಧ್ವಜದ್ದಾದರೂ ಒಡೆತನ ದೇಶದಲ್ಲಿ ಉಳಿಯಲಿಲ್ಲ. ‘ಜನತೆಯ ಮನೆ’ ನಿಂತಿದ್ದುದು ಜನರು ತೆತ್ತ ಭಾರಿ ತೆರಿಗೆಯ ಮೇಲೆ. ಅದೇ ತೆರಿಗೆಗೆ ಹಿಂಜರಿದು ಕಾಂಪ್ರಾಡನು ೧೯೭೩ರಲ್ಲಿ ಡೆನ್ಮಾರ್ಕಿಗೂ ಅನಂತರ ಸ್ವಿಟ್ಸರ್ಲೆಂಡಿಗೂ ನೆಲೆ ಬದಲಾಯಿಸಿದನು. ೧೯೮೨ರಲ್ಲಿ ಒಡೆತನವು ಹಾಲೆಂಡಿನ ಒಂದು ಪ್ರತಿಷ್ಠಾನಕ್ಕೆ ಸೇರಿತು. ಯೌವನದಲ್ಲಿ ಅವನು ಸ್ವೀಡನ್ನಿನ ಫ್ಯಾಸಿಸ್ಟ್ ಚಳವಳಿಯೊಡನೆ ಇಟ್ಟುಕೊಂಡಿದ್ದ ಸಂಬಂಧ ೧೯೯೪ರಲ್ಲಿ ಬಯಲಾದಾಗ, ನೌಕರರಿಗೆ ಪತ್ರ ಬರೆದು ಪಶ್ಚಾತ್ತಾಪಪಟ್ಟನು. ೨೦೧೪ರಲ್ಲಿ ತಾಯ್ನಾಡಿಗೆ ಮರಳಿ, ೨೦೧೮ರ ಜನವರಿಯಲ್ಲಿ ಸ್ಮೋಲಾಂಡಿನಲ್ಲಿಯೇ ಕಣ್ಮುಚ್ಚಿದನು.

ಇದಕ್ಕಿಂತ ಘೋರವಾದುದು ಅಗ್ಗದ ಬೆಲೆಯೊಳಗೇ ಅಡಗಿತ್ತು. ಸಂಸ್ಥೆಗೆ ಸಾಮಾನು ಒದಗಿಸುತ್ತಿದ್ದ ಪೂರ್ವ ಜರ್ಮನಿಯ ಕಾರ್ಖಾನೆಗಳು ರಾಜಕೀಯ ಸೆರೆಯಾಳುಗಳನ್ನು ದುಡಿಸಿಕೊಂಡಿದ್ದುವೆಂದೂ, ಸಂಸ್ಥೆಯ ಕೆಲವರಿಗೆ ಅದರ ಸುಳಿವು ಇದ್ದಿತೆಂದೂ ೨೦೧೨ರಲ್ಲಿ ಪ್ರಕಟವಾದ ವಿಚಾರಣೆ ತೋರಿಸಿತು. ಸಂಸ್ಥೆಯು ವಿಷಾದ ಸೂಚಿಸಿತು. ೨೦೨೪ರಲ್ಲಿ ಅದರ ಜರ್ಮನ್ ಶಾಖೆ ಅಂಥ ಪೀಡಿತರ ನಿಧಿಗೆ ಅರುವತ್ತು ಲಕ್ಷ ಯೂರೋಗಳನ್ನು ಕೊಡಲು ಒಪ್ಪಿತು. ಸ್ವೀಡನ್ನಿನ ಗೃಹಸ್ಥನು ತನ್ನ ಕೈಯಾರೆ ತಿರುಪು ಬಿಗಿದು ಉಳಿಸಿದ ಹಣ ನ್ಯಾಯವಾದ ಉಳಿತಾಯ. ಸೆರೆಮನೆಯ ಕೈಗಳಿಂದ ಉಳಿದ ಹಣವನ್ನು ಆ ಹೆಸರಿನಿಂದ ಕರೆಯಲಾಗದು. ಬೆಲೆಯ ಚೀಟಿಯಲ್ಲಿ ಮಾತ್ರ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ.

೨೦೧೮ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ಮಳಿಗೆ ತೆರೆಯಿತು. ೨೦೨೨ರ ಜೂನಿನಲ್ಲಿ ನಮ್ಮ ಬೆಂಗಳೂರಿನ ನಾಗಸಂದ್ರಕ್ಕೂ ಬಂದಿತು. ಮಣೆ, ಜಗಲಿಗಳಲ್ಲಿ ಕುಳಿತು ಬೆಳೆದ ನಮಗೆ ಮೇಜು, ಕುರ್ಚಿ ಎಂಬ ಮಾತುಗಳೇ ಹೊರಗಿನಿಂದ ಬಂದವು; ವಸ್ತುವೊಂದು ಬರುವುದರಲ್ಲಿ ಕೊರತೆಯೇನೂ ಇಲ್ಲ. ಆದರೆ ಈ ದೇಶದಲ್ಲಿ ಸಂಸ್ಥೆಯು ಸಾಮಾನನ್ನು ಮನೆಗೆ ಬಂದು ಜೋಡಿಸಿಕೊಡುವ ಕೆಲಸಗಾರರನ್ನೂ ಆರಂಭದಲ್ಲಿಯೇ ಒದಗಿಸಬೇಕಾಯಿತು. ಕೂಲಿ ದುಬಾರಿಯಾದ ನಾಡಿನಲ್ಲಿ ಯಜಮಾನನೇ ತಿರುಪುಳಿ ಹಿಡಿಯುತ್ತಾನೆ. ಕೂಲಿ ಅಗ್ಗವಾದಲ್ಲಿ ಬೇರೊಬ್ಬನನ್ನು ಕರೆಯುತ್ತಾನೆ. ಮೇಜು ಹಡಗಿನಲ್ಲಿ ಬಂದಿತು. ಮೇಜಿನ ಹಿಂದಿನ ನಡತೆ ಅಷ್ಟು ಸುಲಭವಾಗಿ ಪ್ರಯಾಣ ಮಾಡಲಿಲ್ಲ.

ಅಗ್ಗವಾದುದನ್ನು ಕೊಳ್ಳುವುದು ತಪ್ಪಲ್ಲ. ನಮ್ಮಂಥ ಮಿತವರಮಾನದ ಸಂಸಾರಗಳಿಗೆ ಅದು ಅನಿವಾರ್ಯವೂ ಹೌದು. ಆದರೆ ಪ್ರತಿಯೊಂದು ಮೇಜಿಗೂ ಪೂರ್ಣವಾದ ಬೆಲೆಯೊಂದಿದೆ. ನಾವು ಕೊಡದೆ ಉಳಿಸಿಕೊಂಡ ಭಾಗವನ್ನು ನಮ್ಮ ಕೈಗಳು ತೆತ್ತುವೋ ಇನ್ನೊಬ್ಬರ ಕೈಗಳು ತೆತ್ತುವೋ ಎಂದು ಒಮ್ಮೆ ಕೇಳಿಕೊಳ್ಳುವುದು ಕೊಳ್ಳುವವನ ಧರ್ಮ.