ಸ್ಪೇನಿನ ದೊರೆಗಳ ಕಾಲದ ಕೆನರಾ ಕೋಟೆಗಳು: ಹೊನ್ನಾವರ, ಬಸರೂರು, ಮಂಗಳೂರು

ಕನ್ನಡ ಕರಾವಳಿಯಲ್ಲಿ ಸ್ಪೇನ್ ದೇಶವು ಸ್ವತಃ ಕಟ್ಟಿಸಿದ ಕೋಟೆ ಯಾವುದೂ ಇಲ್ಲ. ಆದರೂ 1580ರಿಂದ 1640ರವರೆಗಿನ ಅರವತ್ತು ವರ್ಷಗಳ ಕಾಲ ಹೊನ್ನಾವರ, ಬಸರೂರು ಮತ್ತು ಮಂಗಳೂರಿನ ಪೋರ್ಚುಗೀಸ್ ಕೋಟೆಗಳು ಸ್ಪೇನಿನ ಅರಸರ ಹೆಸರಿನಲ್ಲಿಯೇ ಆಳಲ್ಪಟ್ಟವು. ಪೋರ್ಚುಗಲ್ಲಿನ ಸಿಂಹಾಸನವು ಆ ಅವಧಿಯಲ್ಲಿ ಸ್ಪೇನಿನ ದೊರೆಗಳ ಕೈಯಲ್ಲಿದ್ದುದೇ ಇದಕ್ಕೆ ಕಾರಣ. ಈ ಕೋಟೆಗಳ ಏಳುಬೀಳನ್ನು ಅರಿಯಬೇಕಾದರೆ ಯುರೋಪಿನ ರಾಜಕಾರಣವನ್ನೂ ಘಟ್ಟದ ಮೇಲಿನ ಕೆಳದಿ ಅರಸರ ನೀತಿಯನ್ನೂ ಒಟ್ಟಿಗೆ ಪರಿಶೀಲಿಸುವುದು ಅಗತ್ಯ.

1565ರ ತಾಳೀಕೋಟೆ ಯುದ್ಧದ ಅನಂತರ ವಿಜಯನಗರದ ಹಿಡಿತ ಸಡಿಲಗೊಂಡಿತು. ಬಯಲುಸೀಮೆಯಲ್ಲಿ ಯಲಹಂಕ ನಾಡಪ್ರಭುಗಳಂತೆ ಮಲೆನಾಡಿನಲ್ಲಿ ಕೆಳದಿಯ ನಾಯಕರೂ ಕ್ರಮೇಣ ಸ್ವತಂತ್ರವಾಗಿ ವರ್ತಿಸತೊಡಗಿದರು. ಕರಾವಳಿಯ ಚೌಟ, ಬಂಗ ಮೊದಲಾದ ಸಣ್ಣ ಅರಸುಮನೆತನಗಳಿಗೆ ಮೇಲಿನ ಆಸರೆ ಇಲ್ಲವಾಯಿತು. ಈ ಸಂದರ್ಭವನ್ನು ಗೋವೆಯ ಪೋರ್ಚುಗೀಸರು ಬಳಸಿಕೊಂಡರು. 1568ರಲ್ಲಿ ವೈಸರಾಯ್ ಅಂತಾವ್ ದ ನೊರೊನ್ಹಾ ಉಳ್ಳಾಲದ ಮೇಲೆ ದಾಳಿ ನಡೆಸಿ, ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಕಟ್ಟಿಸಿದನು. ಮರುವರ್ಷ ಅವನ ಉತ್ತರಾಧಿಕಾರಿ ಲುಯಿಸ್ ದ ಅಟೈದೆ ಹೊನ್ನಾವರ ಮತ್ತು ಬಸರೂರುಗಳನ್ನು ವಶಪಡಿಸಿಕೊಂಡನು.

ಈ ಮೂರೂ ಕೋಟೆಗಳು ನದಿಗಳು ಕಡಲನ್ನು ಸೇರುವ ಅಳಿವೆಗಳಿಗೆ ಸಮೀಪದಲ್ಲಿದ್ದವು ಎಂಬುದು ಗಮನಾರ್ಹ. ಗೇರುಸೊಪ್ಪೆಯ ಕಾಳುಮೆಣಸು ಶರಾವತಿಯ ದೋಣಿಗಳಲ್ಲಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಬಸರೂರು ಅಕ್ಕಿಯ ರಫ್ತಿಗೆ ಹೆಸರಾದ ವರ್ತಕರ ಪಟ್ಟಣವಾಗಿತ್ತು. ಅಲ್ಲಿನ ಶಾಸನಗಳು ಮೂಡಕೇರಿ, ಪಡುವಕೇರಿಗಳ ‘ಹಲರು’ ಎಂಬ ವರ್ತಕ ಸಮೂಹವನ್ನು ಉಲ್ಲೇಖಿಸುತ್ತವೆ. ಪೋರ್ಚುಗೀಸರ ಕೋಟೆ ಈ ಪಟ್ಟಣದ ಒಳಗಿರದೆ, ಹೊಳೆಯ ಕೆಳಭಾಗದಲ್ಲಿ ಕುಂದಾಪುರದ ಕಡೆಗಿತ್ತು. ಗೋವೆಗೆ ತನ್ನ ನೆಲದ ಬೆಳೆ ಸಾಲುತ್ತಿರಲಿಲ್ಲ. ಕೆನರಾದ ಅಕ್ಕಿ ಬಾರದಿದ್ದರೆ ಆ ರಾಜಧಾನಿಗೆ ಆಹಾರದ ಅಭಾವ ತಲೆದೋರುತ್ತಿತ್ತು. ಅಕ್ಕಿಯ ಹಡಗುಗಳು ಯುದ್ಧನೌಕೆಗಳ ಕಾವಲಿನಲ್ಲಿ ಸಾಲಾಗಿ ಗೋವೆಗೆ ಸಾಗುತ್ತಿದ್ದವು. ಪೋರ್ಚುಗೀಸರ ‘ಕರ್ತಾಜ್’ ಎಂಬ ರಹದಾರಿ ಪತ್ರವಿಲ್ಲದೆ ಹೊರಟ ಸ್ಥಳೀಯ ಹಡಗುಗಳು ಜಪ್ತಿಗೆ ಒಳಗಾಗುತ್ತಿದ್ದವು. ಹೀಗೆ ಈ ಕೋಟೆಗಳು ರಾಜ್ಯವಿಸ್ತಾರಕ್ಕಿಂತ ಹೆಚ್ಚಾಗಿ ಅಕ್ಕಿ ಮತ್ತು ಮೆಣಸಿನ ಮೇಲಿನ ಹಿಡಿತಕ್ಕಾಗಿ ಇದ್ದಂಥವು.

ಪೋರ್ಚುಗಲ್ಲಿನ ರಾಜವಂಶಕ್ಕೆ ನೇರ ವಾರಸುದಾರರಿಲ್ಲದೆ ಹೋದಾಗ, 1580ರಲ್ಲಿ ಸ್ಪೇನಿನ ಎರಡನೆಯ ಫಿಲಿಪ್ಪನು ಆ ದೇಶವನ್ನು ತನ್ನದಾಗಿಸಿಕೊಂಡನು. 1581ರಲ್ಲಿ ತೊಮಾರ್ ನಗರದಲ್ಲಿ ಸೇರಿದ ಸಭೆಯಲ್ಲಿ ಪೋರ್ಚುಗಲ್ಲಿನ ಆಡಳಿತವನ್ನು ಪೋರ್ಚುಗೀಸರಿಗೇ ಬಿಡುವುದಾಗಿ ಅವನು ವಚನವಿತ್ತನು. ಆದ್ದರಿಂದ ಕೆನರಾದ ಕೋಟೆಗಳಲ್ಲಿ ಅಧಿಕಾರಿಗಳ ಭಾಷೆಯಾಗಲಿ ಪದ್ಧತಿಯಾಗಲಿ ಬದಲಾಗಲಿಲ್ಲ. ಬದಲಾದದ್ದು ಶತ್ರುಗಳ ಪಟ್ಟಿ. ಸ್ಪೇನಿನ ವಿರುದ್ಧ ದಂಗೆಯೆದ್ದಿದ್ದ ಡಚ್ಚರು ಪೋರ್ಚುಗೀಸರ ಮೇಲೂ ಹಗೆ ಸಾಧಿಸಿದರು. 1602ರಲ್ಲಿ ಸ್ಥಾಪನೆಯಾದ ಅವರ ಈಸ್ಟ್ ಇಂಡಿಯಾ ಕಂಪನಿಯು 1630ರ ದಶಕದ ಉತ್ತರಾರ್ಧದಲ್ಲಿ ಗೋವೆಯ ರೇವಿಗೇ ದಿಗ್ಬಂಧನ ಹಾಕಿತು. 1640ರಲ್ಲಿ ಪೋರ್ಚುಗಲ್ ಮತ್ತೆ ಸ್ವತಂತ್ರವಾದರೂ ಈ ಹಗೆತನ ಮುಗಿಯಲಿಲ್ಲ.

ಸ್ಪೇನಿನ ಆಳ್ವಿಕೆಯಿಂದ ಚರಿತ್ರಕಾರರಿಗೆ ದೊರೆತ ದೊಡ್ಡ ಪ್ರಯೋಜನವೆಂದರೆ ಒಂದು ದಾಖಲೆ. ತನ್ನ ಪೂರ್ವದೇಶದ ಕೋಟೆಗಳ ಸ್ಥಿತಿಯನ್ನು ತಿಳಿಯಬಯಸಿದ ನಾಲ್ಕನೆಯ ಫಿಲಿಪ್ಪನ ಆಜ್ಞೆಯಂತೆ, ಗೋವೆಯ ಅಧಿಕೃತ ಇತಿಹಾಸಕಾರ ಅಂತೋನಿಯೊ ಬೊಕಾರೊ 1635ರಲ್ಲಿ ಕೋಟೆಗಳ ವಿವರಗಳ ಗ್ರಂಥವನ್ನು ಪೂರ್ಣಗೊಳಿಸಿದನು. ಅದಕ್ಕೆ ಪೆದ್ರೊ ಬರೆಟೊ ದ ರೆಸೆಂದೆ ನಕ್ಷೆಗಳನ್ನು ಒದಗಿಸಿದನು. ಕೆನರಾದ ಕೋಟೆಗಳ ಅಂದಿನ ರೂಪವನ್ನು ತಿಳಿಯಲು ಇದು ಮುಖ್ಯ ಆಕರವಾಗಿದೆ.

ಆದರೆ ನಕ್ಷೆಯಲ್ಲಿ ಭದ್ರವಾಗಿ ತೋರುವ ಗೋಡೆಗಳ ಹೊರಗೆ ಪೋರ್ಚುಗೀಸರ ಅಧಿಕಾರ ಅತ್ಯಲ್ಪವಾಗಿತ್ತು. ಮೆಣಸು ಬೆಳೆಯುವ ನೆಲ ಕೆಳದಿಯ ಹಿರಿಯ ವೆಂಕಟಪ್ಪ ನಾಯಕನ ವಶವಾಗಿತ್ತು. 1623ರಲ್ಲಿ ಗೋವೆಯ ರಾಯಭಾರಿಯೊಬ್ಬನು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ತೆರಳಿದನು. ಅವನೊಡನಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಸಂಧಾನವನ್ನು ತನ್ನ ಪತ್ರಗಳಲ್ಲಿ ದಾಖಲಿಸಿದ್ದಾನೆ. ಮೆಣಸಿನ ವ್ಯಾಪಾರ ಮತ್ತು ರಾಜ್ಯ ಕಳೆದುಕೊಂಡಿದ್ದ ಬಂಗ ಅರಸನ ಪ್ರಶ್ನೆ ಅಂದು ಚರ್ಚೆಯ ವಿಷಯಗಳಾಗಿದ್ದವು. ಕೋಟೆಗಳ ಒಡೆಯರೇ ಘಟ್ಟ ಹತ್ತಿ ಬಂದು ನಾಯಕನ ಆಸ್ಥಾನದಲ್ಲಿ ಕಾಯಬೇಕಾಗಿ ಬಂದುದು ಕರಾವಳಿಯ ನಿಜವಾದ ಬಲಾಬಲವನ್ನು ಸೂಚಿಸುತ್ತದೆ.

ಈ ಬಲಾಬಲವನ್ನು ಶಿವಪ್ಪ ನಾಯಕನು ಚೆನ್ನಾಗಿ ಗ್ರಹಿಸಿದ್ದನು. 1652ರಲ್ಲಿ ಡಚ್ಚರೊಂದಿಗಿನ ಯುದ್ಧವಿರಾಮ ಮುಗಿದು, ಪೋರ್ಚುಗೀಸರ ಗಮನ ಸಿಂಹಳದ ಕಡೆಗೆ ಹರಿದಿತ್ತು. 1653ರಲ್ಲಿ ಗೋವೆಯಲ್ಲಿಯೇ ಬಂಡಾಯವೆದ್ದು, ವೈಸರಾಯ್ ಓಬಿದೊಸ್ ಪದಚ್ಯುತನಾದನು. ಕೋಟೆಗಳಿಗೆ ಸಕಾಲದಲ್ಲಿ ಸಾಕಷ್ಟು ನೆರವು ಒದಗಲಿಲ್ಲ. 1652ರಿಂದ 1654ರೊಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳು ಶಿವಪ್ಪ ನಾಯಕನ ಕೈವಶವಾದವು. ಭೂಕಂದಾಯದ ‘ಶಿಸ್ತು’ ವ್ಯವಸ್ಥೆಯಿಂದ ಪ್ರಸಿದ್ಧನಾದ ಈ ಅರಸನಿಗೆ, ಬೆಳೆ ಮತ್ತು ಬಂದರುಗಳೆರಡೂ ತನ್ನ ಅಧೀನದಲ್ಲಿರಬೇಕೆಂಬ ದೃಷ್ಟಿ ಇದ್ದಿರಬೇಕೆಂದು ಊಹಿಸಬಹುದು.

ಅನಂತರವೂ ಕೆಳದಿ ಅರಸರು ವ್ಯಾಪಾರವನ್ನು ನಿಲ್ಲಿಸಲಿಲ್ಲ. 1671 ಮತ್ತು 1678ರ ಒಪ್ಪಂದಗಳಲ್ಲಿ ಪೋರ್ಚುಗೀಸರಿಗೆ ವ್ಯಾಪಾರದ ಕೋಠಿಗಳಿಗೆ ಅವಕಾಶ ದೊರೆಯಿತು; ಹಳೆಯ ಕೋಟೆಗಳ ಒಡೆತನ ಮಾತ್ರ ಮರಳಿ ಬರಲಿಲ್ಲ. ಮಂಗಳೂರಿನ ಸಂತ ಸೆಬಾಸ್ಟಿಯನ್ ಕೋಟೆ ಇಂದು ಉಳಿದಿಲ್ಲ. ನಗರದಲ್ಲಿ ಈಗ ಕಾಣುವ ಸುಲ್ತಾನ್ ಬತೇರಿ ಟಿಪ್ಪು ಸುಲ್ತಾನನ ಕಾಲದ್ದು. ಅದಕ್ಕೂ ಈ ಕೋಟೆಗೂ ಸಂಬಂಧವಿಲ್ಲ. ಆದರೆ 1568ರಲ್ಲಿಯೇ ಸ್ಥಾಪಿತವಾದ ರೊಜಾರಿಯೊ ಚರ್ಚಿನ ಪರಂಪರೆ, ಕಟ್ಟಡಗಳು ಬದಲಾದರೂ, ಮುಂದುವರಿದು ಬಂದಿದೆ.

ಕೋಟೆಗಳನ್ನು ಕಟ್ಟಿದವರ ಶೌರ್ಯದಿಂದ ಅಥವಾ ಗೆದ್ದವರ ಶೌರ್ಯದಿಂದ ಮಾತ್ರ ಅಳೆಯುವ ಪದ್ಧತಿ ನಮ್ಮ ಚರಿತ್ರಲೇಖನದಲ್ಲಿ ಬೇರೂರಿದೆ. ಹೊನ್ನಾವರ, ಬಸರೂರು, ಮಂಗಳೂರುಗಳ ಇತಿಹಾಸವು ಇನ್ನೊಂದು ಅಳತೆಗೋಲನ್ನು ಒದಗಿಸುತ್ತದೆ. ಗದ್ದೆಯ ಅಕ್ಕಿ, ಘಟ್ಟದ ಮೆಣಸು, ಹೊಳೆಯ ದೋಣಿ, ಪೇಟೆಯ ವರ್ತಕ ಇವುಗಳ ಸಹಕಾರವಿಲ್ಲದೆ ಮ್ಯಾಡ್ರಿಡ್ಡಿನ ಚಕ್ರವರ್ತಿಗೂ ಒಂದು ಅಳಿವೆಯನ್ನು ಬಹುಕಾಲ ಹಿಡಿದಿಡುವುದು ಸಾಧ್ಯವಿರಲಿಲ್ಲ. ಪೋರ್ಚುಗೀಸ್ ದಾಖಲೆಗಳೊಡನೆ ಬಸರೂರಿನಂಥ ಊರುಗಳ ಶಾಸನಗಳನ್ನು ಹೋಲಿಸಿ ನೋಡುವ ಕಾರ್ಯ ಮುಂದುವರಿದಾಗ ಈ ಚಿತ್ರ ಇನ್ನಷ್ಟು ಸ್ಪಷ್ಟವಾದೀತು.