ಎತ್ತುವ ಶಕ್ತಿ, ಕೆತ್ತುವ ಶಕ್ತಿ: ಭೂರೂಪ ವಿಜ್ಞಾನ ನಡೆದು ಬಂದ ದಾರಿ

ಬೆಟ್ಟಸಾಲು, ಕಣಿವೆ, ಪ್ರಸ್ಥಭೂಮಿ, ಬಯಲು, ಮರುಭೂಮಿ, ಕಡಲತಡಿ: ಭೂಮಿಯ ಈ ದೊಡ್ಡ ರೂಪಗಳೆಲ್ಲ ಎರಡು ಬಗೆಯ ಶಕ್ತಿಗಳ ಎಳೆದಾಟದಲ್ಲಿ ಹುಟ್ಟುತ್ತವೆ. ಭೂಗರ್ಭದ ಶಾಖದಿಂದ ಬರುವ ಶಕ್ತಿ ನೆಲವನ್ನು ಎತ್ತುತ್ತದೆ, ಮಡಿಸುತ್ತದೆ, ಸೀಳುತ್ತದೆ. ಬಿಸಿಲಿನ ಬಲದಿಂದ ಚಲಿಸುವ ನೀರು, ಹಿಮ, ಗಾಳಿ ಹಾಗೆ ಎದ್ದದ್ದನ್ನು ಕೆತ್ತಿ ತಗ್ಗಿಗೆ ಸಾಗಿಸುತ್ತವೆ. ಇಂದು ಹೈಸ್ಕೂಲಿನ ಪಠ್ಯದಲ್ಲೇ ಸಿಗುವ ಈ ಮಾತು ಗಟ್ಟಿಯಾಗಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಎತ್ತುವ ಶಕ್ತಿಯನ್ನು ಹುಡುಕಿದವರೂ ಕೆತ್ತುವ ಶಕ್ತಿಯನ್ನು ಹುಡುಕಿದವರೂ ಬಹುಕಾಲ ಬೇರೆ ಬೇರೆ ದಾರಿ ಹಿಡಿದಿದ್ದರು. ಅದಕ್ಕಿಂತ ದೊಡ್ಡ ತೊಡಕು ಅಳತೆಯದು. ಮನುಷ್ಯನ ಆಯುಷ್ಯದಲ್ಲಿ ಕಣ್ಣಿಗೆ ಬೀಳದಷ್ಟು ನಿಧಾನವಾದ ಚಲನೆಯನ್ನು ಅಳೆಯುವ ಉಪಾಯ ಸಿಕ್ಕಾಗಲೆಲ್ಲ ಈ ಶಾಸ್ತ್ರ ಒಂದು ಹೆಜ್ಜೆ ಮುಂದಿಟ್ಟಿದೆ.

ಮೊದಲ ಉಪಾಯ ಕಲ್ಲಿನ ಪದರಗಳನ್ನು ಓದುವುದು. ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಟಸ್ಕನಿಯಲ್ಲಿ ಕೆಲಸ ಮಾಡಿದ ನಿಕೋಲಸ್ ಸ್ಟೆನೋ 1669ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ನೀರಿನಲ್ಲಿ ಕೆಸರು ತಂಗಿ ಆದ ಪದರ ಮೊದಲಿಗೆ ಮಟ್ಟಸವಾಗಿಯೇ ಇರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಪದರಗಳು ವಾಲಿದ್ದರೆ, ಮಡಿಚಿಕೊಂಡಿದ್ದರೆ ಆಮೇಲೆ ಏನೋ ನಡೆದಿದೆ ಎಂದೇ ಅರ್ಥ. ಶತಮಾನದ ನಂತರ ಜರ್ಮನಿಯ ಫ್ರೈಬರ್ಗ್ ಗಣಿ ಅಕಾಡೆಮಿಯ ಅಧ್ಯಾಪಕ ಅಬ್ರಹಾಂ ವರ್ನರ್ ಗ್ರಾನೈಟ್, ಬಸಾಲ್ಟ್ ಸಹಿತ ಬಹುಪಾಲು ಶಿಲೆಗಳೆಲ್ಲ ಆದಿಸಾಗರದ ನೀರಿನಿಂದ ತಳಕಟ್ಟಿದವು ಎಂದು ಕಲಿಸಿದರು. ಅವರ ಪಾಠ ಕೇಳಲು ಯುರೋಪಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುತ್ತಿದ್ದುದರಿಂದ ಆ ತಪ್ಪು ಅಷ್ಟೇ ದೂರ ಹರಡಿತು.

ಅದನ್ನು ಎದುರಿಸಿದವರು ಎಡಿನ್‌ಬರೋದ ಜೇಮ್ಸ್ ಹಟನ್. ಗ್ರಾನೈಟು ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ನುಗ್ಗಿ ಬಂದ ಶಿಲೆ ಎಂಬುದಕ್ಕೆ ಅವರು ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಸಾಕ್ಷ್ಯ ಹುಡುಕಿದರು. 1788ರಲ್ಲಿ ಗೆಳೆಯರಾದ ಜಾನ್ ಪ್ಲೇಫೇರ್, ಜೇಮ್ಸ್ ಹಾಲ್ ಅವರೊಂದಿಗೆ ದೋಣಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಬಂಡೆಚಾಚಿಗೆ ಹೋದರು. ಅಲ್ಲಿ ಬೂದು ಕಲ್ಲಿನ ಪದರಗಳು ನೆಟ್ಟಗೆ ನಿಂತಿವೆ; ಸವೆದ ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲು ತುಸುವೇ ವಾಲಿ ಹಾಸಿಕೊಂಡಿದೆ. ಸ್ಟೆನೋ ಸೂತ್ರದಂತೆ ಓದಿದರೆ ಕತೆ ಹೀಗೆ ಬಿಚ್ಚಿಕೊಳ್ಳುತ್ತದೆ: ಮೊದಲು ಸಮುದ್ರದಡಿ ಕೆಸರು ತಂಗಿ ಕಲ್ಲಾಗಬೇಕು, ಆ ಕಲ್ಲು ಮಡಿಚಿ ಲಂಬವಾಗಿ ಮೇಲೇಳಬೇಕು, ಬೆಟ್ಟವಾಗಿ ಎದ್ದದ್ದು ಸವೆದು ತಗ್ಗಬೇಕು, ಅದರ ಮೇಲೆ ಹೊಸ ಮರಳು ಬಂದು ಬೀಳಬೇಕು, ಅದೂ ಕಲ್ಲಾಗಿ ಮತ್ತೆ ಎದ್ದು ನಿಲ್ಲಬೇಕು. ಬೈಬಲ್ ಲೆಕ್ಕದ ಆರು ಸಾವಿರ ವರ್ಷಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಎರಡು ಕಲ್ಲುಗಳ ನಡುವಿನ ಬಿಡುವೇ ಕೋಟ್ಯಂತರ ವರ್ಷಗಳದು ಎಂದು ಈಗ ಗೊತ್ತಾಗಿದೆ.

ಹಟನ್ ಬರವಣಿಗೆ ತೀರ ಕಗ್ಗ. ಅದನ್ನು ಓದುವಂತೆ ಮಾಡಿದ್ದು ಪ್ಲೇಫೇರ್ 1802ರಲ್ಲಿ ಬರೆದ ವಿವರಣೆ. ಉಪನದಿಗಳ ಕಣಿವೆಗಳು ಮುಖ್ಯ ಕಣಿವೆಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೇರುವುದನ್ನು ತೋರಿಸಿ, ಕಣಿವೆಯನ್ನು ಕೊರೆದದ್ದು ಅದರಲ್ಲಿ ಹರಿಯುವ ನದಿಯೇ ಎಂದು ಅವರು ವಾದಿಸಿದರು. ಚಾರ್ಲ್ಸ್ ಲಯೆಲ್ 1830ರಿಂದ 1833ರವರೆಗೆ ಮೂರು ಸಂಪುಟಗಳಲ್ಲಿ ಈ ನಿಲುವನ್ನು ಸಿದ್ಧಾಂತವಾಗಿಸಿದರು: ಇಂದು ನಡೆಯುತ್ತಿರುವ ನಿಧಾನ ಕ್ರಿಯೆಗಳೇ ಹಿಂದೆಯೂ ನಡೆದಿವೆ. ಇಟಲಿಯ ಪೊಟ್ಸುವೋಲಿಯ ಪ್ರಾಚೀನ ರೋಮನ್ ಕಟ್ಟಡವೊಂದರ ಕಂಬಗಳ ಚಿತ್ರವನ್ನು ಅವರು ಗ್ರಂಥದ ಮುಖಚಿತ್ರವಾಗಿಸಿದ್ದರು. ಕಂಬಗಳ ನಡುಭಾಗದಲ್ಲಿ ಕಡಲ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಆ ನೆಲ ಕಡಲಿಗೆ ಇಳಿದು ಮತ್ತೆ ಎದ್ದಿದೆ, ಕಂಬಗಳು ಮಾತ್ರ ಬಿದ್ದಿಲ್ಲ. ನದಿಯಿಂದ ವಿವರಿಸಲಾಗದ ಅಗಲ ತಳದ ಕಣಿವೆಗಳು, ಎಲ್ಲಿಂದಲೋ ಬಂದು ಕೂತ ಒಂಟಿ ಬಂಡೆಗಳು ಉಳಿದಿದ್ದವು. ಅವನ್ನು 1840ರಲ್ಲಿ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಹಿಮಯುಗದ ಹಿಮನದಿಗಳ ಲೆಕ್ಕಕ್ಕೆ ಹಾಕಿದರು.

ಇಷ್ಟಾದರೂ ನೆಲ ಏಳುವುದೇಕೆ ಎಂಬ ಪ್ರಶ್ನೆ ಹಾಗೇ ಇತ್ತು. ಅದಕ್ಕೆ ಮೊದಲ ಅಂಕಿಯ ಸಾಕ್ಷ್ಯ ಸಿಕ್ಕಿದ್ದು ಭಾರತದಲ್ಲಿ, ಅದೂ ಮೋಜಣಿದಾರರಿಗೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ನಂತರ, 1802ರಲ್ಲಿ ಮದ್ರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಮೋಜಣಿ ಜಾರ್ಜ್ ಎವರೆಸ್ಟ್ ಕಾಲಕ್ಕೆ ಹಿಮಾಲಯದ ಬುಡ ಮುಟ್ಟಿತ್ತು. ಉತ್ತರದ ಕಲಿಯಾನ ಮತ್ತು ಅದರ ದಕ್ಷಿಣದ ಕಲ್ಯಾಣಪುರ ಎಂಬ ಎರಡು ಠಾಣೆಗಳ ಅಕ್ಷಾಂಶಗಳ ಅಂತರವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಲಾಯಿತು: ನೆಲದ ಮೇಲೆ ತ್ರಿಕೋನಗಳನ್ನು ಅಳೆದು ಒಮ್ಮೆ, ನಕ್ಷತ್ರಗಳನ್ನು ನೋಡಿ ಇನ್ನೊಮ್ಮೆ. ಎರಡೂ ಕೂಡಿಬರಲಿಲ್ಲ. ವ್ಯತ್ಯಾಸ 5.236 ಸೆಕೆಂಡ್, ನೆಲದ ಮೇಲೆ ಸುಮಾರು 160 ಮೀಟರ್.

ನಕ್ಷತ್ರ ನೋಡುವಾಗ ಉಪಕರಣವನ್ನು ನೇರ ನಿಲ್ಲಿಸಲು ಬಳಸುತ್ತಿದ್ದುದು ಗಾರೆಯವರು ಗೋಡೆಗೆ ಹಿಡಿಯುವಂಥ ತೂಗುಗುಂಡಿನ ತತ್ತ್ವವನ್ನೇ. ಹಿಮಾಲಯದ ರಾಶಿ ಆ ಗುಂಡನ್ನು ತನ್ನತ್ತ ಸೆಳೆದಿರಬೇಕು ಎಂದು ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರಾಟ್ ಊಹಿಸಿದರು. ಪಾದ್ರಿಯಾಗಿದ್ದರೂ ಪ್ರಾಟ್ ಪಳಗಿದ ಗಣಿತಜ್ಞ. ಪರ್ವತಗಳ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ಅವರು ಸೆಳೆತವನ್ನು ಗುಣಿಸಿದಾಗ ಬಂದ ಉತ್ತರ 15.885 ಸೆಕೆಂಡ್. ಸಿಕ್ಕಿದ್ದಕ್ಕಿಂತ ಮೂರು ಪಟ್ಟು! ಹಿಮಾಲಯ ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿರಲಿಲ್ಲ.

1855ರಲ್ಲಿ ಪ್ರಾಟ್ ಈ ಲೆಕ್ಕ ಪ್ರಕಟಿಸಿದ ಬೆನ್ನಿಗೇ ಗ್ರೀನಿಚ್ ವೇಧಶಾಲೆಯ ಜಾರ್ಜ್ ಏರಿ ಒಂದು ಪರಿಹಾರ ಸೂಚಿಸಿದರು. ನೀರಿನ ಮೇಲೆ ತೇಲುವ ಮರದ ದಿಮ್ಮಿಗಳಲ್ಲಿ ಹೆಚ್ಚು ಎದ್ದು ಕಾಣುವುದು ಹೆಚ್ಚು ಆಳಕ್ಕೂ ಮುಳುಗಿರುತ್ತದೆ. ಪರ್ವತವೂ ಹಾಗೆಯೇ: ಅದರ ಕೆಳಗೆ ಹಗುರ ಶಿಲೆಯ ಆಳವಾದ ಬೇರು ಇದ್ದು, ಕೆಳಗಿನ ಭಾರವಾದ ಶಿಲೆಯನ್ನು ಪಕ್ಕಕ್ಕೆ ಸರಿಸಿದೆ. ಪ್ರಾಟ್ ಇದನ್ನು ಒಪ್ಪದೆ, ಪರ್ವತದಡಿಯ ಶಿಲೆಯೇ ಸಾಂದ್ರತೆಯಲ್ಲಿ ಕಡಿಮೆ ಎಂದರು. ಭೂಕಂಪದ ಅಲೆಗಳು ಮುಂದೆ ಹೆಚ್ಚಿನ ಪರ್ವತಗಳಲ್ಲಿ ಏರಿ ಪರವಾಗಿ ಸಾಕ್ಷಿ ಹೇಳಿದವು: ಖಂಡಗಳ ಹೊರಪದರ ಸಾಮಾನ್ಯವಾಗಿ 35–40 ಕಿಲೋಮೀಟರ್ ದಪ್ಪ, ಟಿಬೆಟ್ಟಿನ ಅಡಿಯಲ್ಲಿ ಸುಮಾರು 70. ಭಾರ ಇಳಿದರೆ ನೆಲ ಏಳುತ್ತದೆ ಎಂಬುದಕ್ಕೆ ಬಾಲ್ಟಿಕ್ ಕರಾವಳಿಯೇ ಸಾಕ್ಷಿ. ಅಲ್ಲಿ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಬಂಡೆಯೊಂದರ ಮೇಲೆ ನೀರಿನ ಮಟ್ಟಕ್ಕೆ ಕೆತ್ತಿಸಿದ ಗುರುತು ಈಗ ನೀರಿನಿಂದ ಬಹಳ ಮೇಲಿದೆ. ಹಿಮಯುಗದ ಹಿಮದ ಹೊರೆ ಕರಗಿ ಸಾವಿರಾರು ವರ್ಷಗಳಾದರೂ ಬೋತ್ನಿಯಾ ಕೊಲ್ಲಿಯ ದಂಡೆ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತಲೇ ಇದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸ್ತ್ರ ಕವಲೊಡೆಯಿತು. ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಭೂಮಿ ತಣ್ಣಗಾಗುತ್ತ ಕುಗ್ಗುವುದರಿಂದ ಮೇಲ್ಮೈ ಸುಕ್ಕಾಗಿ ಪರ್ವತಗಳಾದವು ಎಂದರು. ರೇಡಿಯೋವಿಕಿರಣದ ಶೋಧದಿಂದ ಭೂಮಿಗೆ ಒಳಗೇ ಶಾಖದ ಮೂಲವಿದೆ ಎಂದು ತಿಳಿದಾಗ ಆ ವಾದದ ಬುಡ ಅಲುಗಾಡಿತು. ಇತ್ತ ಹಾರ್ವರ್ಡ್‌ನ ವಿಲಿಯಂ ಮಾರಿಸ್ ಡೇವಿಸ್ 1899ರಲ್ಲಿ ಭೂರೂಪಗಳ ಜೀವನಚಕ್ರವನ್ನು ಮಂಡಿಸಿದರು: ನೆಲ ಒಮ್ಮೆಗೇ ಏಳುತ್ತದೆ, ಆಮೇಲೆ ನದಿಗಳು ಅದನ್ನು ಯೌವನ, ಪ್ರೌಢ, ವೃದ್ಧಾವಸ್ಥೆಗಳ ಮೂಲಕ ಸವೆಸಿ ಸಮತಟ್ಟು ಮಾಡುತ್ತವೆ. ನಮ್ಮ ಭೂಗೋಳ ಪಠ್ಯಗಳಲ್ಲಿ ನದಿಯ ಅವಸ್ಥೆಗಳು ಬಂದದ್ದು ಇಲ್ಲಿಂದಲೇ. ಇದು ಬಾಯಿಪಾಠಕ್ಕೆ ಸುಲಭ, ಅದಕ್ಕೇ ಸಾಕ್ಷ್ಯಕ್ಕಿಂತ ಹೆಚ್ಚು ಕಾಲ ಬಾಳಿತು. ನೆಲ ಏಳುವುದೂ ಸವೆಯುವುದೂ ಜೊತೆಜೊತೆಗೆ ನಡೆಯುತ್ತವೆ ಎಂದು ಜರ್ಮನಿಯ ವಾಲ್ಟರ್ ಪೆಂಕ್ ಆಕ್ಷೇಪಿಸಿದರು. ಇಳಿಜಾರು, ನೀರು, ಮಣ್ಣು ಪರಸ್ಪರ ಹೊಂದಿಕೊಂಡು ಸಮತೋಲಕ್ಕೆ ಬರುತ್ತವೆ ಎಂದು ಅಮೆರಿಕದ ಗ್ರೋವ್ ಕಾರ್ಲ್ ಗಿಲ್ಬರ್ಟ್ ಡೇವಿಸ್‌ಗೂ ಮೊದಲೇ, 1877ರಲ್ಲಿ, ಹೆನ್ರಿ ಪರ್ವತಗಳ ವರದಿಯಲ್ಲಿ ಬರೆದಿದ್ದರು. ಅದಕ್ಕೆ ಬೆಲೆ ಬಂದದ್ದು ಅರ್ಧ ಶತಮಾನಕ್ಕೂ ಮೀರಿ ತಡವಾಗಿ.

ಖಂಡಗಳೇ ಸರಿದಾಡುತ್ತವೆ ಎಂದು ಆಲ್ಫ್ರೆಡ್ ವೆಗನರ್ 1912ರಲ್ಲಿ ಹೇಳಿದಾಗ ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ನಂಬಲಿಲ್ಲ. ಸರಿಸುವ ಬಲ ಯಾವುದು ಎಂಬುದಕ್ಕೆ ವೆಗನರ್ ಬಳಿ ಸರಿಯಾದ ಉತ್ತರವಿರಲಿಲ್ಲ. ಭೂಗರ್ಭದ ಬಿಸಿ ಶಿಲೆ ಬಲು ನಿಧಾನವಾಗಿ ಸುತ್ತು ಹೊಡೆಯುತ್ತದೆ ಎಂದು ಆರ್ಥರ್ ಹೋಮ್ಸ್ 1920ರ ದಶಕದ ಕೊನೆಗೆ ಸೂಚಿಸಿದರೂ ಅಳತೆ ಇರಲಿಲ್ಲ. ಅಳತೆ ಬಂದದ್ದು ಕಡಲಿನಿಂದ. 1950ರ ದಶಕದಲ್ಲಿ ಮೇರಿ ಥಾರ್ಪ್ ಹಡಗುಗಳು ತಂದ ಆಳದ ಅಂಕಿಗಳಿಂದ ಅಟ್ಲಾಂಟಿಕ್ ತಳದ ನಕ್ಷೆ ಬಿಡಿಸುವಾಗ, ಮಧ್ಯಸಾಗರದ ಪರ್ವತಸಾಲಿನ ನೆತ್ತಿಯ ಉದ್ದಕ್ಕೂ ಒಂದು ಸೀಳುಕಣಿವೆ ಕಾಣಿಸಿತು. ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲು ತಳ್ಳಿಹಾಕಿದರು. ಭೂಕಂಪದ ಕೇಂದ್ರಗಳೂ ಅದೇ ಕಣಿವೆಯಲ್ಲಿ ಸಾಲುಗಟ್ಟಿದಾಗ ಒಪ್ಪಿದರು. ಇದೇ ದಶಕದಲ್ಲಿ ಲಂಡನ್ನಿನ ಪ್ಯಾಟ್ರಿಕ್ ಬ್ಲ್ಯಾಕೆಟ್ ಗುಂಪು ದಖ್ಖನ್ ಲಾವಾದಲ್ಲಿ ಉಳಿದ ಕಾಂತತ್ವವನ್ನು ಅಳೆದು, ಆ ಶಿಲೆ ಹುಟ್ಟಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು ತೋರಿಸಿತು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಪ್ಪು ನೆಲದಡಿ ಇರುವುದು ಇದೇ ಲಾವಾ. ಸಾಗರತಳ ನಡುವಿನಲ್ಲಿ ಹುಟ್ಟಿ ಎರಡೂ ಕಡೆ ಸರಿಯುತ್ತದೆ ಎಂದು ಹ್ಯಾರಿ ಹೆಸ್ 1962ರಲ್ಲಿ ಬರೆದರು. ಮರುವರ್ಷ ಫ್ರೆಡ್ ವೈನ್, ಡ್ರಮಂಡ್ ಮ್ಯಾಥ್ಯೂಸ್ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಸಾಲಿನ ಕಾಂತೀಯ ಅಳತೆಗಳನ್ನು ಆಧರಿಸಿ ಇದನ್ನು ಸಮರ್ಥಿಸಿದರು. 1968ರ ಹೊತ್ತಿಗೆ, ಭೂಮಿಯ ಹೊರಚಿಪ್ಪು ಚಲಿಸುವ ಫಲಕಗಳಾಗಿ ಒಡೆದಿದೆ ಎನ್ನುವ ಭೂಫಲಕ ಸಿದ್ಧಾಂತ ನೆಲೆಯೂರಿತು.

ಇದರಿಂದ ದೊಡ್ಡ ಭೂರೂಪಗಳಿಗೆ ಮೊದಲ ಬಾರಿ ಒಂದೇ ವಿವರಣೆ ಸಿಕ್ಕಿತು. ಸಾಗರ ಫಲಕ ಖಂಡದಡಿ ನುಗ್ಗುವಲ್ಲಿ ಆಂಡಿಸ್. ಎರಡು ಖಂಡಗಳು ಡಿಕ್ಕಿ ಹೊಡೆಯುವಲ್ಲಿ ಹಿಮಾಲಯ. ಖಂಡ ಸೀಳುವಲ್ಲಿ ಪೂರ್ವ ಆಫ್ರಿಕದ ಬಿರುಕು ಕಣಿವೆ. ಭಾರತ ಏಷ್ಯಾವನ್ನು ಮುಟ್ಟಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಈಗಲೂ ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದ್ದು, ಅದರಲ್ಲಿ ಸುಮಾರು 2 ಸೆಂಟಿಮೀಟರ್ ಹಿಮಾಲಯದಲ್ಲೇ ಇಂಗುತ್ತದೆ. ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಪಳೆಯುಳಿಕೆ ಇರುವುದು ಹೀಗೆ. ಹವಳದ ಉಂಗುರ ದ್ವೀಪಗಳು ಮುಳುಗುತ್ತಿರುವ ಜ್ವಾಲಾಮುಖಿಗಳ ಮೇಲೆ ಬೆಳೆದಿವೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಹೇಳಿದ್ದರು; 1952ರಲ್ಲಿ ಪೆಸಿಫಿಕ್ಕಿನ ಎನೆವೆಟಾಕ್‌ನಲ್ಲಿ ಕೊರೆದಾಗ 1,200 ಮೀಟರಿಗೂ ಆಳದಲ್ಲಿ ಬಸಾಲ್ಟ್ ಸಿಕ್ಕಿತು. ಸಾಗರತಳ ತಣ್ಣಗಾಗುತ್ತ ಕುಸಿಯುತ್ತದೆ ಎಂಬ ಕಾರಣವನ್ನು ಫಲಕ ಸಿದ್ಧಾಂತ ಒದಗಿಸಿತು.

ಕೆತ್ತುವ ಶಕ್ತಿಗಳ ಕಡೆ ಲಯೆಲ್ ಅವರ ನಿಧಾನದ ತತ್ತ್ವ ಒಂದು ತೊಂದರೆ ಮಾಡಿತ್ತು: ನಿಧಾನವೇ ಶಾಸ್ತ್ರ, ದಿಢೀರ್ ಎಂಬುದೆಲ್ಲ ಪುರಾಣ ಎಂಬ ಭಾವನೆ ಬೇರೂರಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಬಸಾಲ್ಟ್ ಬಯಲು ಒಣ ಕಾಲುವೆಗಳಿಂದ, ನೀರಿಲ್ಲದ ಜಲಪಾತಗಳ ಕಡಿದಾದ ಗೋಡೆಗಳಿಂದ ತುಂಬಿದೆ. ಇದು ಒಂದು ದೈತ್ಯ ಪ್ರವಾಹದ ಕೆಲಸ ಎಂದು ಜೆ. ಹಾರ್ಲನ್ ಬ್ರೆಟ್ಸ್ 1923ರಲ್ಲಿ ಬರೆದರು. 1927ರಲ್ಲಿ ದೇಶದ ರಾಜಧಾನಿಯ ಸಭೆಯೊಂದರಲ್ಲಿ ಹಿರಿಯ ಭೂವಿಜ್ಞಾನಿಗಳು ಒಬ್ಬೊಬ್ಬರಾಗಿ ಎದ್ದು ಅವರನ್ನು ಖಂಡಿಸಿದರು. ಖಂಡಿಸಿದವರಲ್ಲಿ ಹಲವರು ಆ ಜಾಗವನ್ನು ಕಂಡವರೇ ಅಲ್ಲ. ಅಷ್ಟು ನೀರು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇನ್ನೊಬ್ಬ ಭೂವಿಜ್ಞಾನಿ ಜೋಸೆಫ್ ಪಾರ್ಡಿ ಅವರಲ್ಲಿತ್ತು. ಹಿಮಯುಗದಲ್ಲಿ ಮೊಂಟಾನಾದಲ್ಲಿ ಹಿಮದ ಅಣೆಕಟ್ಟಿನ ಹಿಂದೆ ಮಿಸೌಲಾ ಎಂಬ ಬೃಹತ್ ಸರೋವರ ನಿಂತಿತ್ತು. ಅದರ ತಳದಲ್ಲಿ ನೀರಿನ ಹರಿವು ಮೂಡಿಸಿದ ಅಲೆಗೆರೆಗಳಿವೆ. ಹೊಳೆಯ ಮರಳಿನಲ್ಲಿ ಬೆರಳ ಗಾತ್ರಕ್ಕಿರುವ ಅವು ಅಲ್ಲಿ ಹಲವು ಮೀಟರ್ ಎತ್ತರ. ಹಿಮದ ಕಟ್ಟೆ ಒಡೆದು ಸರೋವರ ಬರಿದಾದದ್ದು ಒಮ್ಮೆಯಲ್ಲ, ಹತ್ತಾರು ಬಾರಿ. ಬ್ರೆಟ್ಸ್ ಅವರಿಗೆ 1979ರಲ್ಲಿ ಭೂವಿಜ್ಞಾನದ ಉನ್ನತ ಗೌರವವಾದ ಪೆನ್‌ರೋಸ್ ಪದಕ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು.

ಈ ನಡುವೆ ಕ್ರಿಯೆಗಳ ಭೌತಶಾಸ್ತ್ರ ಬೆಳೆಯಿತು. ಲಿಬಿಯಾ ಮರಳುಗಾಡಿನಲ್ಲಿ ಅಲೆದ ಸೈನ್ಯಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಗಾಳಿ ಮರಳನ್ನು ಹೊರುವ ಬಗೆಯನ್ನು 1941ರ ಗ್ರಂಥದಲ್ಲಿ ಲೆಕ್ಕಕ್ಕೆ ತಂದರು. ರಾಬರ್ಟ್ ಹಾರ್ಟನ್ 1945ರಲ್ಲಿ ಹಳ್ಳ-ಹೊಳೆಗಳ ಜಾಲಕ್ಕೆ ಗಣಿತದ ನಿಯಮ ಹುಡುಕಿದರು. ಆದರೆ ಸವೆತದ ವೇಗವನ್ನೇ ಕಲ್ಲಿನಿಂದ ಓದುವ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು ವಾರಾಣಸಿಯಲ್ಲಿ ಹುಟ್ಟಿದ ದೇವೇಂದ್ರ ಲಾಲ್. ವಿಶ್ವಕಿರಣಗಳು ಬೆಣಚುಕಲ್ಲಿನ ಆಮ್ಲಜನಕಕ್ಕೆ ಬಡಿದಾಗ ಬೆರಿಲಿಯಂ-10 ಹುಟ್ಟುತ್ತದೆ. ಮೇಲ್ಮೈಯ ಒಂದೆರಡು ಮೀಟರ್ ದಾಟಿದರೆ ಅದು ಅತ್ಯಲ್ಪ. ಆದ್ದರಿಂದ ಬೇಗ ಸವೆಯುವ ನೆಲದ ಕಲ್ಲಿನಲ್ಲಿ ಅದು ಕಡಿಮೆ, ನಿಧಾನ ಸವೆಯುವಲ್ಲಿ ಹೆಚ್ಚು. ಲಾಲ್ ಅವರ 1991ರ ಪ್ರಬಂಧದ ಸಮೀಕರಣಗಳಿಂದ, ಹೊಳೆಯ ಒಂದು ಹಿಡಿ ಮರಳು ಇಡೀ ಜಲಾನಯನದ ಸರಾಸರಿ ಸವೆತವನ್ನು ಹೇಳುವಂತಾಯಿತು.

1990ರಲ್ಲಿ ಪೀಟರ್ ಮೋಲ್ನರ್, ಫಿಲಿಪ್ ಇಂಗ್ಲೆಂಡ್ ಎರಡು ಕವಲುಗಳನ್ನೂ ಕೂಡಿಸುವ ಪ್ರಶ್ನೆಯೆತ್ತಿದರು. ನದಿ, ಹಿಮನದಿಗಳು ಕಣಿವೆ ಕೊರೆದು ಭಾರ ಇಳಿಸಿದರೆ, ಏರಿ ಹೇಳಿದ ಸಮತೋಲದಿಂದ ಉಳಿದ ಶಿಖರಗಳು ಇನ್ನೂ ಮೇಲೇಳಬೇಕಲ್ಲವೇ? ಹಾಗಾದರೆ ಎತ್ತರ ಹವೆಯನ್ನು ಬದಲಿಸಿತೋ, ಹವೆ ಎತ್ತರವನ್ನೋ? ನಂಗಾ ಪರ್ಬತದ ತುದಿಗಿಂತ ಸುಮಾರು 7,000 ಮೀಟರ್ ಕೆಳಗೆ ಸಿಂಧೂ ನದಿ ಹರಿಯುತ್ತದೆ; ಸವೆತವೇ ಶಿಲೆಯನ್ನು ಆಳದಿಂದ ಮೇಲಕ್ಕೆ ಸೆಳೆಯುತ್ತಿದೆ ಎಂಬ ವಾದಕ್ಕೆ ಅದೊಂದು ಹೆಸರಾಂತ ನಿದರ್ಶನ.

ಇದೇ ಪ್ರಶ್ನೆ ಡಿಕ್ಕಿಯಿಂದ ಹುಟ್ಟದ ಸಹ್ಯಾದ್ರಿಗೂ ಅನ್ವಯಿಸುತ್ತದೆ. ಸುಮಾರು 1,600 ಕಿಲೋಮೀಟರ್ ಉದ್ದದ ಈ ಘಟ್ಟ ಮಡಿಕೆ ಪರ್ವತವಲ್ಲ, ಪ್ರಸ್ಥಭೂಮಿಯ ಮುರಿದ ಅಂಚು. ಭಾರತದಿಂದ ಮಡಗಾಸ್ಕರ್ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಆಮೇಲೆ ಸೀಶೆಲ್ಸ್ ಬೇರೆಯಾದಾಗ ಈ ಅಂಚು ಉಂಟಾಯಿತು. ಕೃಷ್ಣಾ, ಕಾವೇರಿ ಅರಬ್ಬಿ ಸಮುದ್ರದ ಹತ್ತಿರ ಹುಟ್ಟಿಯೂ ಬಂಗಾಳ ಕೊಲ್ಲಿಗೆ ಹರಿಯುವುದು ನೆಲ ಪೂರ್ವಕ್ಕೆ ವಾಲಿರುವುದರಿಂದ. ಆದರೆ ಶರಾವತಿ, ಅಘನಾಶಿನಿ, ಬೇಡ್ತಿ ನದಿಗಳು ಮೇಲಿನ ನೆಲದ ನೀರನ್ನು ಪಶ್ಚಿಮಕ್ಕೆ ತಂದು ಜೋಗ, ಉಂಚಳ್ಳಿ, ಮಾಗೋಡುಗಳಲ್ಲಿ ಧುಮುಕುತ್ತವೆ. ಜೋಗದ ಎತ್ತರ 253 ಮೀಟರ್. ಮೈಸೂರು ಪ್ರಸ್ಥಭೂಮಿಯ ವಿಕಾಸವನ್ನು ಬಿ.ಪಿ. ರಾಧಾಕೃಷ್ಣ ಅವರು 1952ರಲ್ಲೇ ಸಮಗ್ರವಾಗಿ ಪರಿಶೀಲಿಸಿದ್ದರು. ಬೆರಿಲಿಯಂ ಅಳತೆಗಳ ಪ್ರಕಾರ ಮಳೆಯ ಮುಖದ ಇಳಿಜಾರು ಒಳನಾಡಿನ ಪ್ರಸ್ಥಭೂಮಿಗಿಂತ ಬೇಗ ಸವೆಯುತ್ತಿದೆ. ಘಟ್ಟದ ಗೋಡೆ ಕರಾವಳಿಯಿಂದ ಹಿಂದೆ ಹಿಂದೆ ಸರಿಯುತ್ತ ಬಂದು ಇಲ್ಲಿ ನಿಂತಿದೆಯೋ, ಹೆಚ್ಚುಕಡಿಮೆ ಇಲ್ಲೇ ಎದ್ದು ಇಲ್ಲೇ ಕಡಿದಾಯಿತೋ ಎಂಬ ಚರ್ಚೆ ಮುಗಿದಿಲ್ಲ. ಅದನ್ನು ಬಗೆಹರಿಸಲು ಸಂಶೋಧಕರು ಈಗ ಎರಡು ಲೆಕ್ಕಗಳನ್ನು ತಾಳೆ ನೋಡುತ್ತಾರೆ: ಕರಾವಳಿಯ ಶಿಲೆಗಳು ಯಾವಾಗ ತಣ್ಣಗಾದವು ಎಂದು ತಿಳಿಸುವ ಅಪಟೈಟ್ ಹರಳುಗಳ ಲೆಕ್ಕ, ಮತ್ತು ಅರಬ್ಬಿ ಸಮುದ್ರದ ತಳದಲ್ಲಿ ಶೇಖರವಾದ ಮೆಕ್ಕಲಿನ ಗಾತ್ರದ ಲೆಕ್ಕ.