ಜೋಸೆಫ್ ಪ್ಲಂಕೆಟ್‌ನ ಕ್ಷಯ ಮತ್ತು ಈಸ್ಟರ್ ದಂಗೆ: ಒಂದು ಮರುಪರಿಶೀಲನೆ

ಡಬ್ಲಿನ್ನಿನ ಕಿಲ್‌ಮೇನಮ್ ಸೆರೆಮನೆಯಲ್ಲಿ 1916ರ ಮೇ 4ರ ನಸುಕಿನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಈಸ್ಟರ್ ದಂಗೆಯಲ್ಲಿ ಪಾಲ್ಗೊಂಡದ್ದಕ್ಕಾಗಿ, ಬ್ರಿಟಿಷರ ಗುಂಡಿಗೆ ಬಲಿಯಾದಾಗ ಜೋಸೆಫ್ ಪ್ಲಂಕೆಟ್‌ಗೆ 28 ವರ್ಷ. ಬಾಲ್ಯದಿಂದಲೂ ಕ್ಷಯಪೀಡಿತ, ಬಿಸಿಲ ನಾಡನ್ನು ಅರಸಿ ಅಲ್ಜಿಯರ್ಸ್‌ನಲ್ಲಿ ಕೆಲಕಾಲ ಇದ್ದವನು. ಕವಿ, ಪತ್ರಿಕಾ ಸಂಪಾದಕ, ಐರಿಷ್ ವಾಲಂಟಿಯರ್ಸ್ ಪಡೆಯ ಸೇನಾ ಕಾರ್ಯಾಚರಣೆಗಳ ನಿರ್ದೇಶಕ. ಸಾಯುವ ಕೆಲವೇ ಗಂಟೆ ಮುಂಚೆ ಸೆರೆಮನೆಯಲ್ಲೇ ಗ್ರೇಸ್ ಗಿಫರ್ಡ್‌ಳನ್ನು ಮದುವೆಯಾದ. ಇಷ್ಟರಲ್ಲಿ ಯಾರದೂ ತಕರಾರಿಲ್ಲ.

ಹೇಗೂ ಸಾಯಲಿದ್ದ ರೋಗಿ ತನ್ನ ಸಾವಿಗೊಂದು ಘನತೆ ಹುಡುಕಿ ಬಂದೂಕು ಹಿಡಿದ ಎಂಬ ವಿವರಣೆ ಮಾತ್ರ ಒಪ್ಪುವಂಥದ್ದಲ್ಲ. ಜನಪ್ರಿಯ ಚರಿತ್ರೆಗಳಲ್ಲಿ ಮರುಕಳಿಸುವ ಈ ಮಾತಿಗೆ ಎರಡು ಆಧಾರಗಳುಂಟು. ದಂಗೆಗೆ ಸ್ವಲ್ಪವೇ ಮುಂಚೆ ಅವನ ಕತ್ತಿನ ಗ್ರಂಥಿಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಕೊರಳಿಗೆ ಸುತ್ತಿದ ಪಟ್ಟಿಯೊಂದಿಗೇ, ಸಹಾಯಕ ಮೈಕೆಲ್ ಕಾಲಿನ್ಸ್‌ನನ್ನು ಜೊತೆಗಿಟ್ಟುಕೊಂಡು, ಅವನು ದಂಗೆಕೋರರ ಕೇಂದ್ರವಾಗಿದ್ದ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿ ಸೇರಿದ. ಜೊತೆಗೆ, ದಂಗೆಯ ಮುನ್ನಾದಿನ, ಏಪ್ರಿಲ್ 23ರಂದು, ಎಲ್ಲವನ್ನೂ ಗ್ರೇಸ್‌ಗೆ ಬರೆದುಕೊಟ್ಟ ಉಯಿಲು.

ಮೊದಲು ರೋಗದ ಮಾತು. ಪ್ಲಂಕೆಟ್‌ನನ್ನು ಕಾಡಿದ್ದು ಮುಖ್ಯವಾಗಿ ನಮ್ಮವರು ಗಂಡಮಾಲೆ ಎನ್ನುವ ಗ್ರಂಥಿಕ್ಷಯ. ಶ್ವಾಸಕೋಶದ ಕ್ಷಯದ ಹಾಗೆ ಇದು ಬೇಗ ಕೊಲ್ಲುವ ರೋಗವಲ್ಲ. ವರ್ಷಗಟ್ಟಲೆ ಏರಿಳಿಯುತ್ತ ಹೋಗುವುದುಂಟು. ಹಾಗೆಂದು ಅವನು ಗುಣವಾಗುತ್ತಿದ್ದ ಎನ್ನಲಾಗದು: ಕ್ಷಯದ ಔಷಧ ಸ್ಟ್ರೆಪ್ಟೋಮೈಸಿನ್ ಬರಲು ಇನ್ನೂ ಕಾಲು ಶತಮಾನಕ್ಕೂ ಹೆಚ್ಚು ಕಾಲವಿತ್ತು, ಶಸ್ತ್ರಚಿಕಿತ್ಸೆಯೂ ಸಣ್ಣದಲ್ಲ. ಆದರೆ ತೀವ್ರವಾಗಿ ಕಾಯಿಲೆ ಬಿದ್ದಿದ್ದ ಎನ್ನುವುದಕ್ಕೂ ಸಾವಿನ ದಿನ ಗೊತ್ತಾಗಿತ್ತು ಎನ್ನುವುದಕ್ಕೂ ಅಂತರವಿದೆ.

ಉಯಿಲಿನ ವಾದವಂತೂ ಇನ್ನೂ ದುರ್ಬಲ. ಯುದ್ಧಕ್ಕೆ ಹೊರಟ ಆರೋಗ್ಯವಂತ ಸೈನಿಕನೂ ಉಯಿಲು ಬರೆಯುತ್ತಾನೆ. ಅದೇ ಏಪ್ರಿಲ್ 23ಕ್ಕೆ ಗ್ರೇಸ್ ಜೊತೆ ಅವನ ಮದುವೆಯೂ ನಿಗದಿಯಾಗಿತ್ತು ಎಂಬುದನ್ನು ಈ ವಾದದವರು ಏಕೋ ಎತ್ತಿ ಹೇಳುವುದಿಲ್ಲ.

ಅವನು ಸಾಯಲೆಂದಲ್ಲ, ಗೆಲ್ಲಲೆಂದು ಹೊರಟಿದ್ದ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷ್ಯ 1915ರದು. ಆ ವರ್ಷ ಪ್ಲಂಕೆಟ್ ಯುದ್ಧಗ್ರಸ್ತ ಯುರೋಪನ್ನು ಸುತ್ತಿಬಳಸಿ ಬರ್ಲಿನ್ ತಲುಪಿ, ಜರ್ಮನ್ ನೆರವು ಕೋರಿ ಅಲ್ಲಿದ್ದ ಐರಿಷ್ ರಾಷ್ಟ್ರೀಯವಾದಿ ರೋಜರ್ ಕೇಸ್‌ಮೆಂಟ್ ಜೊತೆ ಜರ್ಮನ್ನರಿಗೊಂದು ವಿಸ್ತಾರವಾದ ವರದಿ ಸಿದ್ಧಪಡಿಸಿದ. 12,000 ಜರ್ಮನ್ ಸೈನಿಕರು ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಇಳಿಯಬೇಕು, ಸ್ಥಳೀಯರಿಗೆ ಹಂಚಲು 40,000 ಬಂದೂಕು ತರಬೇಕು ಎಂಬುದು ಬೇಡಿಕೆ. ಹುತಾತ್ಮನಾಗುವುದಷ್ಟೇ ಗುರಿಯಾಗಿದ್ದವನಿಗೆ ಇಷ್ಟು ಲೆಕ್ಕಾಚಾರ ಬೇಕಿರಲಿಲ್ಲ. ಜರ್ಮನ್ನರು ಸೇನೆ ಕಳಿಸಲಿಲ್ಲ, ನಿಜ. ಯೋಜನೆ ಅವಾಸ್ತವವಾಗಿತ್ತು ಎಂದೂ ವಾದಿಸಬಹುದು; ಅವಾಸ್ತವ ಯೋಜನೆ ಹಾಕುವವನೂ ಗೆಲ್ಲಬೇಕೆಂದೇ ಹಾಕುತ್ತಾನೆ. ಹುತಾತ್ಮತೆಯ ಹಂಬಲಕ್ಕೆ ರೋಗವೇ ಬೇಕೆಂದೂ ಇಲ್ಲ: ರಕ್ತಾರ್ಪಣೆಯ ಮಾತನ್ನು ಹೆಚ್ಚು ಆಡಿದ, ದಂಗೆಯ ಇನ್ನೊಬ್ಬ ನಾಯಕ ಪ್ಯಾಟ್ರಿಕ್ ಪಿಯರ್ಸ್‌ಗೆ ಕ್ಷಯವಿರಲಿಲ್ಲ.

ಹೀಗಾಗಿ ಈ ಲೇಖನದ ಪ್ರತಿಪಾದನೆ ಸೀಮಿತ. ಪ್ಲಂಕೆಟ್‌ನ ರಾಜಕೀಯ ನಿರ್ಧಾರಕ್ಕೆ ರೋಗವೇ ಕಾರಣವೆಂದು ಸಾಧಿಸಲು ಈ ಎರಡು ಆಧಾರಗಳು ಸಾಲವು. ಕೊನೆಯ ತಿಂಗಳುಗಳಲ್ಲಿ ಅವನ ಅವಸರಕ್ಕೆ, ಕೆಲಸದ ಲಯಕ್ಕೆ ಕಾಯಿಲೆ ಎಷ್ಟರಮಟ್ಟಿಗೆ ಕಾರಣ ಎಂಬ ಪ್ರಶ್ನೆ ತೆರೆದೇ ಇದೆ. ಅದನ್ನು ಕೈಗೆತ್ತಿಕೊಳ್ಳುವವರು ಕ್ಷಯದ ವೈದ್ಯಕೀಯ ಚರಿತ್ರೆಯನ್ನೂ ದಂಗೆಯ ದಾಖಲೆಗಳನ್ನೂ ಜೊತೆಗಿಟ್ಟು ಓದಬೇಕು.